ಗದ್ದೆಮ್ಮ ನೆಟ್ಟು ಕಿತ್ತ ಕಲ್ಲು

ಮುಕ್ಕುಂದದ ಹೊಳೆಯ ಮೇಲೆ ಯುಗಾದಿ ಅಮಾವಾಸ್ಯೆಯ ಅರುಣೋದಯ. ಬೇಸಿಗೆಯ ತುಂಗಭದ್ರೆ ತೆರವು ಮಾಡಿದ ಮರಳಿನಲ್ಲಿ ಗದ್ದೆಮ್ಮ ತನ್ನ ಕಲ್ಲಂಗಡಿ ಬಳ್ಳಿಗಳಿಗೆ ಕೊಡದಿಂದ ನೀರುಣಿಸುತ್ತಿದ್ದಾಳೆ. ಆ ಸಾಲು ಮುಗಿದಲ್ಲಿಗೆ ಎರಡನೆಯ ಕಾಯಕ ಆರಂಭ: ಜಾಲಿಮುಳ್ಳನ್ನು ಎಳೆತಂದು ಬರಿಯ ಮರಳಿನ ಒಂದು ತುಂಡಿಗೆ ಬೇಲಿ ಕಟ್ಟುವುದು. ಒಳಗೆ ಕರಿನೆತ್ತಿಯ, ಹಳದಿ ಕೊಕ್ಕಿನ ಹೊಳೆಹಕ್ಕಿಗಳು ಕಾವು ಕೂತಿವೆ. ಅವಕ್ಕೆ ಗೂಡಿಲ್ಲ, ಅಂಗೈಯಷ್ಟು ತಗ್ಗು, ಅದರಲ್ಲಿ ಮರಳಿನದೇ ಬಣ್ಣದ ಮೊಟ್ಟೆಗಳು.

ಈ ಕಾಯಕಕ್ಕೆ ಕೂಲಿಯಿಲ್ಲ. ಬೈಗುಳ ಮಾತ್ರ ಧಾರಾಳ.

ಕಾಲುವೆಯ ನೀರು ಭತ್ತವನ್ನು ತಂದಿತು, ಭತ್ತ ಟ್ರ್ಯಾಕ್ಟರನ್ನು ತಂದಿತು. ಎತ್ತಿನ ಬಂಡಿಯನ್ನು ದಡದ ಮೇಲೆ ಬಿಟ್ಟು ನಡೆದು ಬರುತ್ತಿದ್ದ ತುರ್ವಿಹಾಳ, ಬಳಗಾನೂರಿನ ಜನ ಈಗ ಅಮಾವಾಸ್ಯೆಯ ಸ್ನಾನಕ್ಕೆ ನೀರಿನಂಚಿನವರೆಗೂ ಗಾಲಿ ಉರುಳಿಸುತ್ತಾರೆ. ವಾಹನವೇರಿ ತೀರ್ಥಕ್ಕೆ ಹೋದವನ ಪುಣ್ಯ ಅರ್ಧಕ್ಕಿಳಿಯುತ್ತದೆಂದು ಧರ್ಮಶಾಸ್ತ್ರ ಹೇಳುತ್ತದೆ. ದಾರಿಯಲ್ಲಿ ಮೊಟ್ಟೆಯೊಳಗಿನ ಭ್ರೂಣಗಳನ್ನು ಗಾಲಿಯಡಿ ಅರೆದು ಬಂದವನಿಗೆ ಉಳಿಯುವುದೇನು? ಅಂಡಜಗಳಲ್ಲಿಯೂ ಈಶ್ವರನೇ ನೆಲೆಸಿದ್ದಾನೆಂದು ನಿತ್ಯ ಪಠಿಸುವ ನಾವು ಯಾವ ಬಾಯಿಂದ ಪಠಿಸುತ್ತೇವೆ? ದೂರು ಹೊತ್ತು ಹೋದ ಗದ್ದೆಮ್ಮನಿಗೆ ಸಿಂಧನೂರಿನ ಒಂದು ಕಚೇರಿ ಹೊಳೆ ತನ್ನದಲ್ಲವೆಂದಿತು. ಇನ್ನೊಂದು, ಹಕ್ಕಿ ತನ್ನದಲ್ಲವೆಂದಿತು.

ಹೋದ ವರ್ಷ ಗದ್ದೆಮ್ಮ ಗಾಲಿದಾರಿಯ ನಡುವೆ ಒಂದು ಕಲ್ಲು ನೆಟ್ಟು ಅರಿಸಿನ ಕುಂಕುಮ ಬಳಿದಳು. ಟ್ರ್ಯಾಕ್ಟರುಗಳು ನಿಂತವು. ಆದರೆ ಕಲ್ಲು ದೇವಿಯಾಯಿತು. ತೆಂಗಿನಕಾಯಿ ಒಡೆದರು, ಎಡೆ ಇಟ್ಟರು. ಎಡೆಗೆ ಬಂದ ಕಾಗೆ, ನಾಯಿಗಳು ಮೊಟ್ಟೆಗಳನ್ನೂ ತಿಂದು ಮುಗಿಸಿದವು.

“ದೇವ್ರಂದ್ರ ಗಾಡಿ ನಿಂದ್ರತಾವ ಅನ್ಕಂಡಿದ್ದೆ. ನಿಂತುವು ಖರೆ. ಇಳದ ಮಂದಿ ಹೋಗವಲ್ರು!” ಎಂದು ಆಕೆ ಹಣೆ ಬಡಿದುಕೊಳ್ಳುತ್ತಾಳೆ.

ಮೊನ್ನೆ ಆ ಕಲ್ಲನ್ನು ತಾನೇ ಕಿತ್ತು ಹೊಳೆಗೆ ಹಾಕಿದ್ದಾಳೆ. ಕಣ್ಣು ಹೋಗುತ್ತವೆಂದು ಊರು ಶಪಿಸುತ್ತಿದೆ. ಮೊಟ್ಟೆ ತುಳಿದವನಿಗೆ ಆ ಶಾಪ ಒಬ್ಬರೂ ಹಾಕಿದ್ದಿಲ್ಲ.

ಹೊತ್ತೇರುತ್ತಲೇ ಬಳಗಾನೂರಿನ ಅಮರಗುಂಡಪ್ಪನ ಟ್ರ್ಯಾಕ್ಟರ್ ಬೇಲಿಯೆದುರು ಗುಡುಗುತ್ತದೆ. ಹಿಂದಿನ ಟ್ರಾಲಿಯಲ್ಲಿ ಮಂದಿ, ಮಂದಿಯ ನಡುವೆ ಅವನ ಮುದಿತಾಯಿ ಪಾರ್ವತೆಮ್ಮ.

“ಏ ಗದ್ದೆವ್ವಾ, ಹೊಳಿ ನಿಮ್ಮಪ್ಪಂದೇನು? ಸರಸು ಮುಳ್ಳು!”

“ನಮ್ಮಪ್ಪಂದಲ್ಲೋ ಯಪ್ಪಾ, ನಿಮ್ಮಪ್ಪಂದೂ ಅಲ್ಲ. ಗಾಡಿ ದಂಡಿಗೆ ಬಿಟ್ಟು ನಡಕೊಂತ ಹೋಗು.”

“ನಮ್ಮವ್ವಗ ಮೊಣಕಾಲು ಬ್ಯಾನಿ. ಉಸುಕಿನಾಗ ಹೆಂಗ ನಡೀತಾಳ?”

“ಆಕಿನ್ನ ನಾ ಹೊರತೀನಿ. ನಿನ್ನ ಟ್ರ್ಯಾಕ್ಟರ್ ಹೊರಾಕ ಆಗಂಗಿಲ್ಲ ನೋಡು.”

ಟ್ರಾಲಿಯವರು ಗೊಳ್ಳೆಂದು ನಗುತ್ತಾರೆ. ಗದ್ದೆಮ್ಮ ನಗುವುದಿಲ್ಲ, ಕುಕ್ಕರಗಾಲಿನಲ್ಲಿ ಕುಳಿತು ಬೆನ್ನು ಕೊಡುತ್ತಾಳೆ. ಪಾರ್ವತೆಮ್ಮ ಇಳಿದು ಆಕೆಯ ಕೊರಳು ತಬ್ಬಿಕೊಂಡು, ಅಲ್ಲಿಂದಲೇ ಮಗನ ಮೇಲೆ ಹರಿಹಾಯುತ್ತಾಳೆ: “ಲೇ ಅಮರ್ಯಾ, ಹೆತ್ತಾಕಿನ್ನ ಮಂದಿ ಹೊರಾಕತ್ಯಾರ, ನೀ ಮ್ಯಾಲ ಕುಂತು ನೋಡಾಕತ್ತೀಯೇನು? ಇಳಿಯೋ!”

ಅಮರಗುಂಡಪ್ಪ ಇಂಜಿನ್ ಆರಿಸಿ ಇಳಿಯುತ್ತಾನೆ. ಹಿಂದೆ ಬಂದ ಗಾಡಿಗಳಿಗೂ ಮುಂದೆ ದಾರಿಯಿಲ್ಲ. ಮಂದಿಯೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು, ಬಳ್ಳಿಯ ಮಗ್ಗುಲ ಕಾಲುದಾರಿಯಲ್ಲಿ ಸಾಲಾಗಿ ನಡೆಯುತ್ತಾರೆ. ಹಕ್ಕಿಗಳು ಒಮ್ಮೆ ಚೀರಿ ಎದ್ದು, ಮತ್ತೆ ಕಾವಿಗೆ ಕೂರುತ್ತವೆ.

ಮುದುಕಿಯನ್ನು ನೀರಿನಲ್ಲಿ ಇಳಿಸಿ ಬಂದ ಗದ್ದೆಮ್ಮನ ಬೆನ್ನು ಬೆವರಿನಿಂದ ತೊಯ್ದಿದೆ. ಹೊತ್ತದ್ದಕ್ಕೆ ಏನು ಬೇಕೆಂದು ಅಮರಗುಂಡಪ್ಪ ಕೇಳಿದರೆ ಕೈಯಿಂದ ಬೇಲಿಯತ್ತ ತೋರುತ್ತಾಳೆ:

“ಮರಿ ರೆಕ್ಕಿ ಬಲೀಲಿರಿ. ಆಮ್ಯಾಲ ಈ ಮುಳ್ಳು ನಾನ ಕಿತ್ತು ಒಲಿಗೆ ಹಾಕ್ತೀನಿ. ಹೊಳಿ ಎಲ್ಲಾರ್ದು. ಅಲ್ಲೀಮಟ ನಡಕೊಂತ ಬರ್ರಿ, ಅಷ್ಟ.”