ಕೆಂಪು ಚಿತ್ರಕ್ಕೆ ಕಾಣದ ಬೇವು

ನಮ್ಮ ಮನೆತನಕ್ಕೆ ಡಿಗ್ರಿ ದಕ್ಕುವಂಥದ್ದಲ್ಲ ಎಂದವನು ನನ್ನ ಸೋದರಮಾವ ಹುಲುಗಪ್ಪ. ನಿನ್ನೆ ಸಂಜೆ ಇಲ್ಲಿ ರಾಯಚೂರಿನಲ್ಲಿ ಪಕ್ಕದ ಮನೆಯವರು ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕಿದರು ನೋಡಿ, ಅವನೇ ಬಂದು ಎದುರು ಕೂತಂತಾಯಿತು.

ಅಪ್ಪ ಸತ್ತ ಮೇಲೆ ನಾನು ಬೆಳೆದದ್ದು ಮಾನ್ವಿ ಕಡೆಯ ಕಲ್ಲೂರಿನಲ್ಲಿ, ಅವನ ಮನೆಯಲ್ಲಿ. ಓದಿದ್ದು ಅವನ ಹೊಲದ ಬದುವಿನ ಬೇವಿನ ನೆರಳಲ್ಲಿ. "ಕಲೆಕ್ಟರ್ ಸಾಹೇಬ್ರ, ಮೊದಲ ನನ್ನ ಎತ್ತಿಗೆ ಸಲಾಮ್ ಹೊಡಿರಿ" ಎಂದು ಹಂಗಿಸುತ್ತಿದ್ದ. ಬುತ್ತಿ ಬಿಚ್ಚಿದರೆ ಮೆತ್ತನೆಯ ರೊಟ್ಟಿ ಮಾತ್ರ ನನಗೇ. ಬಿ.ಎಸ್ಸಿ. ಪಾಸಾದಾಗಲೂ ಸೋಲೊಪ್ಪಲಿಲ್ಲ, ಇದಕ್ಕಿಂತ ದೊಡ್ಡದು ತಂದರೆ ಓಣಿಗೆಲ್ಲ ಊಟ ಹಾಕುತ್ತೇನೆ ಎಂದ.

ತರಲು ಹೊರಟೆ. ಎಂಬತ್ತರ ದಶಕ ಅದು. ಉಪಗ್ರಹ ತೆಗೆದ ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು, ನಮ್ಮ ಸೀಮೆಯ ಹಸಿರು ಎಲ್ಲಿ ಬದಲಾಯಿತು, ಯಾಕೆ ಬದಲಾಯಿತು ಎಂದು ಬರೆಯುವುದು ನನ್ನ ಎಂ.ಎಸ್ಸಿ. ಕೆಲಸ. ಆ ಚಿತ್ರಗಳಲ್ಲಿ ಹಸಿರು ಕೆಂಪಾಗಿ ಕಾಣುತ್ತದೆ. ದೇವದುರ್ಗದ ಗುಡ್ಡಗಳಲ್ಲಿ ಕೆಂಪು ಮಾಸಿತ್ತು. ಕಾಲುವೆ ನೀರು ಬಂದ ಮಾನ್ವಿ ಕಡೆ ದಟ್ಟವಾಗಿತ್ತು. ಅಲ್ಲಿ ಹಸಿರು ಹೆಚ್ಚಿದೆ ಎಂದು ನನ್ನ ಗೈಡ್ ಮೇಷ್ಟ್ರು ಗುರುತು ಹಾಕಿದರು. ನಾನೂ ಹಿಗ್ಗಿದೆ, ನಮ್ಮೂರಲ್ಲವೇ.

ಸೈಕಲ್ ಹತ್ತಿ ಹೋಗಿ ನೋಡಿದರೆ ಬದುಗಳೆಲ್ಲ ಬೋಳು. ಜೋಳ ಹೋಗಿ ಭತ್ತ ಬಂದಿತ್ತು. ನೆರಳಿದ್ದಲ್ಲಿ ಭತ್ತ ಕಾಳು ಕಟ್ಟುವುದಿಲ್ಲವೆಂದು ಬೇವು, ಜಾಲಿ ಎಲ್ಲ ಕಡಿದಿದ್ದರು. ಒಂಟಿ ಮರ ಆ ಚಿತ್ರದ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಇದ್ದಾಗ ಕಾಣಲಿಲ್ಲ, ಹೋದಾಗಲೂ ಕಾಣಲಿಲ್ಲ. ನಾನದನ್ನು ಬರೆದೆ. ಆ ಪ್ರಬಂಧದ ಪುಸ್ತಕ ಕಾಲೇಜಿನ ಕಪಾಟು ಸೇರಿತು. ತೆಗೆದು ಓದಿದವರನ್ನು ನಾನಂತೂ ಕಾಣೆ.

ಇಡೀ ಬಯಲಲ್ಲಿ ಮಾವನದೊಂದೇ ಮರ ನಿಂತಿತ್ತು. ಅದನ್ನಾದರೂ ಉಳಿಸು ಎಂದು ಕೈಮುಗಿದೆ.

"ಅದು ನೀ ಓದಿದ ಸಾಲಿಗಿಡ ಅದಲೇ. ಭತ್ತ ಹೋದ್ರ ಹೋಗವಲ್ದ್ಯಾಕ, ನಾ ಕೈ ಹಚ್ಚಂಗಿಲ್ಲ" ಎಂದ.

ಸರ್ಟಿಫಿಕೇಟ್ ಹಿಡಿದು ಊರಿಗೆ ಬಂದ ದಿನ ಓಣಿಯ ತುಂಬ ಅಡುಗೆಯ ಹೊಗೆ. ಗಲ್ಲಿಯಲ್ಲಿ ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆ, ಅದರ ಕೆಳಗೆ ಹಸಿ ಬೇವಿನ ತುಂಡುಗಳು ನೊರೆ ಉಗುಳುತ್ತಿದ್ದವು. ಉಪಗ್ರಹದ ಮುಂದಿನ ಚಿತ್ರದಲ್ಲೂ ಮಾವನ ಹೊಲ ಕೆಂಪಾಗಿಯೇ ಇತ್ತು, ಬದಲಾವಣೆ ಏನೂ ಇಲ್ಲ. ಅದನ್ನು ನೋಡಿದ್ದು ಆಮೇಲೆ.

ಮಾವ ಧೋತರಕ್ಕೆ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡ, ಕಣ್ಣಿಗೊತ್ತಿಕೊಂಡ. ನಾನು ಒಲೆಯನ್ನೇ ನೋಡುತ್ತಿದ್ದೆ.

"ಓಣಿಗೆಲ್ಲ ಊಟ ಅಂದಿದ್ನೆಲ್ಲೋ ಯಪ್ಪಾ" ಎಂದ. "ಊರಾಗ ಮತ್ತ ಕಟ್ಟಿಗಿ ಎಲ್ಲಿ ಉಳದಾವ?"