ಮುನೇಶನ ಕೆಸರು ಕ್ಯಾಲೆಂಡರ್

ಗೌರಿಬಿದನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿರುವ ಫೋಟೋ ಸ್ಟುಡಿಯೋಗೆ 'ಆವಲಪ್ಪ ಅಂಡ್ ಸನ್' ಎಂದು ಹೆಸರು. ಆವಲಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆ 'ಸನ್'ಗೆ ಈಗ ನಲವತ್ತಾರು, ಹೆಸರು ಮುನೇಶ್. ಈ ಹೆಸರು ಬೋರ್ಡಿನಲ್ಲಿಲ್ಲ, ರಸೀದಿ ಪುಸ್ತಕದಲ್ಲಿಲ್ಲ, ಇಪ್ಪತ್ತೆರಡು ವರ್ಷಗಳಿಂದ ಅವನು ತೆಗೆದ ಮದುವೆ ಆಲ್ಬಮ್ಮುಗಳ ಕೊನೆಯ ಪುಟದಲ್ಲೂ ಇಲ್ಲ. ಅಲ್ಲೆಲ್ಲ ಆವಲಪ್ಪನವರೇ ಬಂಗಾರದ ಬಣ್ಣದಲ್ಲಿ ಮಿಂಚುತ್ತಿದ್ದಾರೆ. ಸತ್ತವರೇ ಇಷ್ಟು ಚೆನ್ನಾಗಿ ಮದುವೆ ಫೋಟೋ ತೆಗೆಯುತ್ತಿರುವಾಗ ಬದುಕಿರುವವನ ಹೆಸರು ಯಾರಿಗೆ ಬೇಕು?

ಒಂದೇ ಒಂದು ಫೋಟೋದ ಕೆಳಗೆ ತನ್ನ ಹೆಸರು ಅಚ್ಚಾಗಬೇಕು ಎನ್ನುವುದು ಮುನೇಶನ ಬಹಳ ಹಳೆಯ ಆಸೆ. ಇದನ್ನು ಹೆಂಡತಿ ಶೋಭಾರಾಣಿಗೆ ಒಮ್ಮೆ ಹೇಳಿಕೊಂಡಿದ್ದ. "ರೇಷನ್ ಕಾರ್ಡಲ್ಲಿ ಅಚ್ಚಾಗಿದೆಯಲ್ರೀ, ಫೋಟೋ ಸಮೇತ" ಎಂದು ಆಕೆ ಸಮಾಧಾನ ಮಾಡಿದ್ದಳು. ಆಮೇಲೆ ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಆಗ ಸಿಕ್ಕಿದವರು ಚಿಕ್ಕಬಳ್ಳಾಪುರದ 'ಕೆಸರು ಕಲಿಗಳು'. ಹೆಸರು ಕೇಳಿ ಗಾಬರಿಯಾಗಬೇಡಿ, ಇದು ಜೀಪು ಇಟ್ಟುಕೊಂಡವರ ಸಂಘ. ವಾರವಿಡೀ ಆಫೀಸಿನ ಕುರ್ಚಿಯಲ್ಲಿ ಕೂತು, ಭಾನುವಾರ ರಸ್ತೆಯಿಲ್ಲದ ಕಡೆ ಜೀಪು ನುಗ್ಗಿಸುವುದು ಇವರ ಸಾಹಸ. ಇವರ ಅಪ್ಪಂದಿರು ಕೆಸರಿನಿಂದ ಕಾಲು ಕಿತ್ತುಕೊಳ್ಳಲು ಜೀವಮಾನ ಸವೆಸಿದರು. ಮಕ್ಕಳನ್ನು ಓದಿಸಿ ಕೆಲಸಕ್ಕೆ ಹಚ್ಚಿದರು. ಮಕ್ಕಳು ಆ ಸಂಬಳದಲ್ಲಿ ದೊಡ್ಡ ದೊಡ್ಡ ಚಕ್ರದ ಜೀಪು ಕೊಂಡು ಮತ್ತೆ ಅದೇ ಕೆಸರಿಗೆ ಇಳಿದರು. ಸಂಘದ ಅಧ್ಯಕ್ಷ ರಮೇಶ್‌ಬಾಬು ಹೊಸ ವರ್ಷಕ್ಕೆ ಕ್ಯಾಲೆಂಡರ್ ತರುವ ಯೋಜನೆ ಹಾಕಿದ್ದ. "ಒಂದೊಳ್ಳೆ ಫೋಟೋ ಕೊಡಿ ಮುನೇಶಣ್ಣ. ಮುಖಪುಟಕ್ಕೆ ಹಾಕಿ ಕೆಳಗೆ ನಿಮ್ ಹೆಸ್ರು ದಪ್ಪಕ್ಷರದಲ್ಲಿ ಹಾಕಿಸ್ತೀನಿ" ಎಂದ. ಮುನೇಶ ಆ ಭಾನುವಾರದ ಒಂದು ನಾಮಕರಣವನ್ನು ಬೇರೆಯವರಿಗೆ ಬಿಟ್ಟುಕೊಟ್ಟ.

ನವೆಂಬರ್ ತಿಂಗಳು. ಮದ್ರಾಸಿನ ಕಡೆ ಸಮುದ್ರದಲ್ಲಿ ಏನಾದರೂ ಕುಸಿದರೆ ನಮ್ಮ ಕಡೆ ಮೂರು ದಿನ ಜಡಿಮಳೆ ಹಿಡಿಯುತ್ತದೆ. ಬುದ್ಧಿ ಇರುವವರು ಮನೆಯಲ್ಲಿ ಹುರುಳಿಕಾಳು ಹುರಿದುಕೊಂಡು ಕೂರುವ ಹವೆ ಅದು. ಕಲಿಗಳಿಗೆ ಮಾತ್ರ ಹಬ್ಬ. ಬೆಳಗ್ಗೆ ಎಂಟಕ್ಕೆ ನಗರಗೆರೆಯಲ್ಲಿ ಆರು ಜೀಪು ಸೇರಿದವು. ಸಾಹಸಕ್ಕೆ ಮುಂಚೆ ಒಂದೂವರೆ ಗಂಟೆ ಇಡ್ಲಿ ವಡೆಯ ಮೇಲೆ ಸಾಹಸ ನಡೆಯಿತು. ಮುನೇಶ ರೇಷ್ಮೆ ಸೀರೆಯ ಪ್ಲಾಸ್ಟಿಕ್ ಕವರನ್ನು ಕ್ಯಾಮೆರಾಗೆ ತೊಡಿಸಿ ಹಿಂದಿನ ಸೀಟಿನಲ್ಲಿ ಮುದುಡಿ ಕೂತ.

ಕೆರೆಯ ಕೆಳಗಿನ ಹಳ್ಳವನ್ನು ರಮೇಶ್‌ಬಾಬು ಮೊದಲ ಸಲಕ್ಕೇ ದಾಟಿಬಿಟ್ಟ. ನೀರು ಎರಡೂ ಕಡೆ ಚಿಮ್ಮಿತು, ಎಲ್ಲರೂ ಶಿಳ್ಳೆ ಹೊಡೆದರು. ಆದರೆ ಲೆನ್ಸಿನ ಮೇಲೆ ಹನಿ ಕೂತು ಮುನೇಶನಿಗೆ ಏನೂ ಸಿಗಲಿಲ್ಲ. ಅದಕ್ಕೇನು, ಮದುವೆಮನೆಯಲ್ಲಿ ಇಂಥದ್ದು ದಿನಾ ನಡೆಯುತ್ತದೆ. ಫೋಟೋ ಸರಿಯಾಗಿ ಬರಲಿಲ್ಲವೆಂದರೆ ಮುನೇಶ ಕೈ ಎತ್ತುತ್ತಾನೆ, ಪುರೋಹಿತರು ಮಂತ್ರ ನಿಲ್ಲಿಸುತ್ತಾರೆ, ಮದುಮಗ ಕಟ್ಟಿದ ತಾಳಿಯನ್ನೇ ಮತ್ತೆ ಹಿಡಿದು ಗಂಟು ಹಾಕುವಂತೆ ನಟಿಸುತ್ತಾನೆ. ಅಕ್ಷತೆಯೂ ಇನ್ನೊಂದು ಸಲ ಬೀಳುತ್ತದೆ. ಗೌರಿಬಿದನೂರು ತಾಲ್ಲೂಕಿನಲ್ಲಿ ಒಂದೇ ಸಲಕ್ಕೆ ಮದುವೆಯಾದವರು ಕಡಿಮೆ. ಆ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು.

"ಸಾರ್, ಇನ್ನೊಂದ್ಸಲ! ಈ ಕಡೆ ನೋಡ್ಕೊಂಡು, ಸ್ವಲ್ಪ ನಗ್ತಾ!"

ರಮೇಶ್‌ಬಾಬು ಹಿಂದಕ್ಕೆ ಹೋಗಿ ಮತ್ತೆ ಬಂದ. ಕ್ಯಾಮೆರಾ ನೋಡಿದ, ಬಹಳ ಚೆನ್ನಾಗಿ ನಕ್ಕ. ಚಕ್ರ ಎಲ್ಲಿ ಹೋಗುತ್ತಿದೆ ಎಂದು ಮಾತ್ರ ನೋಡಲಿಲ್ಲ. ಪಕ್ಕದ ಹೂಳಿನಲ್ಲಿ ಜೀಪು ಬಾಗಿಲವರೆಗೆ ಕೂತಿತು. ಮಿಕ್ಕ ಐವರು ಕಲಿಗಳು ದಡದಲ್ಲಿ ನಿಂತು ಐದು ಬಗೆಯ ಸಲಹೆ ಕೊಟ್ಟರು. ಅವರಲ್ಲಿ ಸುನೀಲ್‌ಕುಮಾರನ ಜೀಪಿನ ಮೂತಿಗೆ ಹಗ್ಗ ಸುತ್ತಿ ಎಳೆಯುವ ಮೋಟಾರು ಇತ್ತು. ಗುಂಡಿ ಒತ್ತಿದರೆ ಅದು ಉಸಿರೇ ಬಿಡಲಿಲ್ಲ. ನೋಡಲು ಚೆನ್ನಾಗಿದೆಯೆಂದು ಹಾಕಿಸಿದ್ದನಂತೆ, ವೈರು ಎಳೆಸುವುದನ್ನು ಮರೆತಿದ್ದನಂತೆ.

ಅಷ್ಟರಲ್ಲಿ ಅದೇ ದಾರಿಯಲ್ಲಿ ಒಂದು ಟ್ರಾಕ್ಟರ್ ಬಂತು. ಓಡಿಸುತ್ತಿದ್ದವರು ಲಕ್ಷ್ಮೀನರಸಮ್ಮ, ಐವತ್ತೈದು ದಾಟಿದ ಹೆಂಗಸು. ಆಕೆಯ ಮಗಳ ಮದುವೆಗೆ ಮುನೇಶನೇ ಫೋಟೋ ತೆಗೆದಿದ್ದ. ತಲೆ ಮೇಲೆ ಗೋಣಿಚೀಲ, ಟ್ರೈಲರಿನ ತುಂಬ ಕೊಯ್ದ ರಾಗಿ. ಹೊಲದಲ್ಲಿ ನೆನೆದು ಮೊಳಕೆ ಒಡೆಯುವ ಮುಂಚೆ ಕೊಟ್ಟಿಗೆ ಸೇರಿಸಬೇಕೆಂದು ಹೊರಟಿದ್ದರು.

"ಏಮಪ್ಪಾ, ದಾರಿ ತಪ್ಪಿ ಬಂದ್ರಾ?" ಎಂದು ಕೇಳಿದರು.

"ಇಲ್ಲಮ್ಮ, ಆಫ್‌ರೋಡಿಂಗ್ ಮಾಡ್ತಿದೀವಿ" ಎಂದ ಸುನೀಲ್‌ಕುಮಾರ್.

"ಹಂಗಂದ್ರೆ?"

"ರೋಡ್ ಇಲ್ದಿರೋ ಕಡೆ ಗಾಡಿ ಓಡ್ಸೋದು."

"ನಾವು ದಿನಾ ಅದೇ ಮಾಡೋದು. ಅದಕ್ಕೆ ಇಷ್ಟ್ ಜನ ಬೇಕಾ?"

ಲಕ್ಷ್ಮೀನರಸಮ್ಮ ಇಳಿದು ಟ್ರೈಲರ್ ಕಳಚಿದರು. ರಾಗಿಯ ಮೇಲೆ ಮುಚ್ಚಿದ್ದ ಟಾರ್ಪಾಲಿನ ಹಗ್ಗವನ್ನೇ ಬಿಚ್ಚಿಕೊಂಡು ನಾಲ್ಕು ಮಡಿಕೆ ಮಾಡಿ ಜೀಪಿಗೆ ಬಿಗಿದರು. ಗಾಳಿಗೆ ಟಾರ್ಪಾಲು ಹಾರಿ ರಾಗಿ ಮಳೆಗೆ ಬಿತ್ತು. ಒಂದು ಗಂಟೆ ಎಳೆದರು. ಕೊನೆಗೆ ಟ್ರಾಕ್ಟರಿನ ಮುಂದಿನ ಚಕ್ರ ಗೇಣುದ್ದ ಮೇಲೆದ್ದಿತು, ಆಕೆ ಸ್ಟಿಯರಿಂಗಿನ ಮೇಲೆ ಎದೆಯೂರಿ ಬಗ್ಗಿದರು, ಜೀಪು ಕೆಸರನ್ನು ಹರಿದುಕೊಂಡು ಮೇಲೆ ಬಂತು. ಆ ಗಳಿಗೆ ಮುನೇಶನಿಗೆ ಸಿಕ್ಕಿತು. ಇನ್ನೊಂದು ಸಲ ಎನ್ನುವ ಅಗತ್ಯವೇ ಬೀಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಫೋಟೋ ತೆಗೆದಿರಲಿಲ್ಲ ಎಂದು ಅವನಿಗೆ ಅಲ್ಲೇ ಗೊತ್ತಾಯಿತು.

ಮಾರನೇ ದಿನ ಸ್ಟುಡಿಯೋದಲ್ಲಿ ಅದನ್ನು ನೋಡಿದ ರಮೇಶ್‌ಬಾಬು ಕುರ್ಚಿಯಿಂದ ಎದ್ದ. "ಇದೇ ಮುಖಪುಟ ಮುನೇಶಣ್ಣ! ಆದ್ರೆ ಆ ಟ್ರಾಕ್ಟರ್ ತೆಗ್ದುಬಿಡಿ."

"ತೆಗೆದ್ರೆ ಏನುಳೀತದೆ ಸಾರ್? ಫೋಟೋ ಇರೋದೇ ಅದ್ರಲ್ಲಿ."

"ಕೆಸರು ಕಲಿಗಳನ್ನ ಒಂದ್ ಹೆಂಗಸು ಎಳೆದ್ಲು ಅಂತ ಕ್ಯಾಲೆಂಡರ್ ಮಾಡಿ ಹಂಚೋಣಾ? ಚಿಂತಾಮಣಿ, ಶಿಡ್ಲಘಟ್ಟದ ಜೀಪಿನೋರು ನೋಡಿದ್ರೆ ವರ್ಷ ಪೂರ್ತಿ ನಗ್ತಾರೆ. ಆಗಲ್ಲ ಅಂದ್ರೆ ಬಿಡಿ, ನಮ್ ಸುನೀಲ ಮೊಬೈಲಲ್ಲಿ ತೆಗ್ದಿದಾನೆ, ಅದನ್ನೇ ಅವನ ಹೆಸರಲ್ಲಿ ಹಾಕ್ತೀವಿ."

ಮುನೇಶ ಮೌಸ್ ಹಿಡಿದ. ಫೋಟೋದಿಂದ ಜನರನ್ನು ಅಳಿಸುವುದರಲ್ಲಿ ಅವನಿಗೆ ಒಳ್ಳೆ ಕೈಗುಣವಿತ್ತು. ಆಸ್ತಿ ಜಗಳವಾದ ಭಾವಮೈದುನರನ್ನು, ಬಿಟ್ಟುಹೋದ ಅಳಿಯಂದಿರನ್ನು ಎಷ್ಟೋ ಆಲ್ಬಮ್ಮಿನಿಂದ ಎತ್ತಿ ಅಲ್ಲಿ ಕ್ರೋಟನ್ ಕುಂಡ ಇಟ್ಟಿದ್ದ. ಅವರೆಲ್ಲ ಏನಾದರೊಂದು ಮಾಡಿಕೊಂಡು ಹೋದವರು. ಈಕೆ ಹಗ್ಗ ಕೊಟ್ಟು ಹೋದವರು. ಇದು ತಪ್ಪು ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಟ್ರಾಕ್ಟರನ್ನು ಅಳಿಸಿದ, ಹಗ್ಗ ಅಳಿಸಿದ, ಕೊನೆಗೆ ಗೋಣಿಚೀಲ ಹೊದ್ದ ಹೆಂಗಸನ್ನೂ ಅಳಿಸಿದ. ಆ ಜಾಗಕ್ಕೆ ಮಳೆ ತುಂಬಿದ.

ಜನವರಿಗೆ ಕ್ಯಾಲೆಂಡರ್ ಬಂತು. ಜೀಪು ತನ್ನ ಪಾಡಿಗೆ ತಾನೇ ಕೆಸರಿನಿಂದ ಏಳುತ್ತಿತ್ತು, ಒಳಗೆ ರಮೇಶ್‌ಬಾಬು ದೇಶ ಗೆದ್ದವನಂತೆ ಕೂತಿದ್ದ. ಕೆಳಗೆ ದಪ್ಪಕ್ಷರದಲ್ಲಿ 'ಛಾಯಾಗ್ರಹಣ: ಮುನೇಶ್' ಎಂದಿತ್ತು. ಮುನೇಶ ಅದನ್ನು ಗಿರಾಕಿಗಳು ಕೂರುವ ಸ್ಟೂಲಿನ ಎದುರಿಗೇ ನೇತುಹಾಕಿದ. ಬಂದವರಿಗೆಲ್ಲ ತಾನೇ ಬೆರಳಿಟ್ಟು ಓದಿ ಹೇಳಿದ. ಹೀಗೆ ಹತ್ತು ದಿನ ಅವನ ಕಾಲು ನೆಲಕ್ಕೆ ತಾಗಲಿಲ್ಲ.

ಹನ್ನೊಂದನೇ ದಿನ ಲಕ್ಷ್ಮೀನರಸಮ್ಮ ಬಂದರು. ಹಾಲಿನ ಡೇರಿಯ ಕಾರ್ಡಿಗೆ ಪಾಸ್‌ಪೋರ್ಟ್ ಫೋಟೋ ಬೇಕಿತ್ತು. ಕನ್ನಡಕ ತೆಗೆಯಬೇಕೆಂದು ಮುನೇಶ ಹೇಳಿದ. ತೆಗೆದು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತವರು ಎದುರಿನ ಗೋಡೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಇದು ನಮ್ ಹಳ್ಳ ಅಲ್ವೇನಪ್ಪ? ಅವತ್ತಿನ ಜೀಪು! ಮತ್ತೆ ಎಳೀತಿದ್ದೋಳು ಎಲ್ಲಿ?"

"ನೀವು ಫೋಟೋಗೆ ಸಿಗ್ಲಿಲ್ಲ ಅಕ್ಕ."

"ಹೋಗ್ಲಿ ಬಿಡು. ಗೋಣಿಚೀಲ ಹಾಕ್ಕೊಂಡಿದ್ದೆ, ಸಿಗ್ದೆ ಇದ್ದಿದ್ದೇ ಒಳ್ಳೇದಾಯ್ತು. ಆ ಲೋಡು ರಾಗಿ ಅಷ್ಟೂ ಮೊಳಕೆ ಬಂದು ದನಕ್ಕೆ ಹಾಕಿದ್ವಿ." ಆ ಮಾತಿನಲ್ಲಿ ಯಾವ ದೂರೂ ಇರಲಿಲ್ಲ. ಮತ್ತೆ ಕ್ಯಾಲೆಂಡರಿನತ್ತ ಕತ್ತು ಚಾಚಿದರು. "ಕೆಳಗೆ ದಪ್ಪಗೆ ಯಾರದೋ ಹೆಸ್ರು ಹಾಕಿದಾರಲ್ಲ. ಕನ್ನಡಕ ಇಲ್ದೆ ಓದೋಕಾಗ್ತಿಲ್ಲ, ನಿಂದಾ?"

ಮುನೇಶ ಲೈಟು ಸರಿಪಡಿಸತೊಡಗಿದ.

"ನಂದಲ್ಲ ಅಕ್ಕ. ಪ್ರೆಸ್ಸಿನೋರ್ದು."

ಲಕ್ಷ್ಮೀನರಸಮ್ಮನವರಿಗೆ ಸಿಟ್ಟೇ ಬಂದುಬಿಟ್ಟಿತು. "ಆ ಜಡೀಲಿ ನಮ್ ಜೊತೆ ನೆಂದಿದ್ದು ನೀನು. ನಿನ್ ಹೆಸ್ರು ಹಾಕೋಕೆ ಏನ್ ರೋಗ ಬಂದಿತ್ತಪ್ಪಾ ಅವರಿಗೆ? ಮಾಡಿದೋರ ಹೆಸ್ರು ತಿಂದು ಏನ್ ಬದುಕ್ತಾರೋ!"

ಮುನೇಶ ಕ್ಯಾಮೆರಾದ ಹಿಂದೆ ಮುಖ ಇಟ್ಟುಕೊಂಡು, "ಅಲ್ಲಾಡಬೇಡಿ ಅಕ್ಕ" ಎಂದ.