ಆ ಸದ್ದು ನನ್ನದಾಗಿತ್ತು

ಅಂದು ಮಠದ ಅಡುಗೆಮನೆಯಲ್ಲಿ ಬಂದ ಸದ್ದು ಅಂಬಮ್ಮನದಲ್ಲ, ನನ್ನದು. ಗೊತ್ತಿದ್ದೂ ಅವಳನ್ನು ಎಬ್ಬಿಸಿ ಕಳಿಸಿದವಳು ನಾನೇ.

ಅದಾಗಿ ನಾಲ್ಕು ಶ್ರಾವಣ ಕಳೆದವು. ಸಿಂಧನೂರಿನಲ್ಲಿ ನಮ್ಮದು ಸೀರೆ ಅಂಗಡಿ. ಮಠಕ್ಕೆ ಬರುವ ನಿಮ್ಮಲ್ಲಿ ಎಷ್ಟೋ ಜನರಿಗೆ ಸೀರೆ ಹರವಿ ತೋರಿಸಿದ್ದೇನೆ, ನನ್ನ ಸೆರಗಿನಡಿ ಏನಿದೆ ಎಂದು ಮಾತ್ರ ಹೇಳಲಿಲ್ಲ. ಆ ಶ್ರಾವಣಕ್ಕೂ ಎರಡು ವರ್ಷ ಮೊದಲೇ ನನಗೆ ಕರುಳಿನ ಗಡ್ಡೆಯ ಆಪರೇಷನ್ ಆಗಿತ್ತು. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಿದ್ದಾರೆ. ಮಲ ಅಲ್ಲಿಂದಲೇ ಇಳಿದು, ಅಂಟಿಸಿದ ಚೀಲಕ್ಕೆ ಬೀಳುತ್ತದೆ. ಗಂಡನ ಹೊರತು ಯಾರಿಗೂ ತಿಳಿಯಬಾರದೆಂದು ಬಸ್ ಹತ್ತಿ, ಮಸ್ಕಿ ದಾಟಿ, ಲಿಂಗಸುಗೂರಿನ ಔಷಧಿ ಅಂಗಡಿಯಿಂದ ಚೀಲ ತರುತ್ತಿದ್ದೆ. ಕೇಳಿದವರಿಗೆ ಅಕ್ಕನ ಮನೆಗೆ ಹೋಗಿದ್ದೆ ಎನ್ನುತ್ತಿದ್ದೆ. ಲಿಂಗಸುಗೂರಿನಲ್ಲಿ ನನಗೆ ಅಕ್ಕನೇ ಇಲ್ಲ.

ಅಂಬಮ್ಮ ದಢೇಸುಗೂರಿನವಳು, ಗದ್ದೆಯಲ್ಲಿ ನಾಟಿ ಮಾಡುವವಳು. ಶ್ರಾವಣ ಸೋಮವಾರದ ದಾಸೋಹಕ್ಕೆ ರೊಟ್ಟಿ ಬಡಿಯಲು ಬರುತ್ತಿದ್ದಳು. ಅವಳಷ್ಟು ತೆಳ್ಳಗೆ ಬಡಿಯುವವರು ನಮ್ಮ ಸಾಲಿನಲ್ಲಿ ಇನ್ನೊಬ್ಬರಿರಲಿಲ್ಲ. ಆ ವರ್ಷ ಬಂದವಳೇ, "ಆಪರೇಷನ್ ಮಾಡಿ ಹೊಟ್ಟಿಗಿ ಚೀಲ ಹಾಕ್ಯಾರ್ರೀ. ನಡುನಡುವ ಎದ್ದು ಹೋಗಿ ಬರ್ತೀನಿ, ಏನೂ ಅನ್ಕೋಬ್ಯಾಡ್ರಿ" ಎಂದು ಎಲ್ಲರೆದುರು ಹೇಳಿಬಿಟ್ಟಳು. ಇಷ್ಟು ಸಲೀಸಾಗಿ ಹೇಳಬಹುದಿತ್ತೆ—

ಇಬ್ಬರೂ ಪಕ್ಕಪಕ್ಕದಲ್ಲೇ ಕುಳಿತಿದ್ದೆವು. ಸ್ವಾಮಿಗಳು ಬಾಗಿಲಿಗೆ ಬಂದರೆಂದು ಎಲ್ಲರೂ ಬಡಿಯುವ ಕೈ ನಿಲ್ಲಿಸಿದರು. ಆ ಮೌನದಲ್ಲೇ ನನ್ನ ಹೊಟ್ಟೆ ಪುರ್ರೆಂದಿತು—ಹೊಟ್ಟೆಯ ಮೇಲಿನ ಆ ಬಾಯಿಯನ್ನು ಬಿಗಿಹಿಡಿಯಲು ಬರುವುದಿಲ್ಲ. ಎಲ್ಲರ ಕಣ್ಣು ಅಂಬಮ್ಮನ ಮೇಲೆ. ಯಾರೋ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ನಂದಲ್ರೀ" ಎಂದಳು ಅವಳು. ಸಾಲಿನ ಹಿರಿಯಳಾದ ನಾನು ಬಾಯಿ ತೆರೆದೆ.

"ಅಂಬಮ್ಮ, ನೀ ಎದ್ದು ಹೊರಗ ಹೋಗು ಬೇ. ಇದು ಪ್ರಸಾದದ ಅಡಗಿ."

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಪೂರ್ತಿ ಬಡಿದು, ಹಂಚಿಗೆ ಹಾಕಿ, ಕೈ ತೊಳೆದು ಹೋದಳು. ಆ ರೊಟ್ಟಿಯನ್ನು ದನಕ್ಕೆ ಹಾಕಿದರು. ನನ್ನ ರೊಟ್ಟಿಗಳನ್ನು ನೀವೆಲ್ಲ ಉಂಡಿರಿ.

ಲಿಂಗ ಕಟ್ಟಿಕೊಂಡ ಮೈಗೆ ಮೈಲಿಗೆಯಿಲ್ಲವೆಂದು ಕೇಳಿ ಬೆಳೆದವಳು ನಾನು. ಎದೆಯ ಮೇಲೆ ಲಿಂಗ, ಅದಕ್ಕಿಂತ ಒಂದು ಗೇಣು ಕೆಳಗೆ ಚೀಲ. ದಿನಾ ಪೂಜೆಗೆ ಕೂತಾಗ ಒಂದು ದಿನವೂ ನನ್ನನ್ನು ನಾನು ಮೈಲಿಗೆ ಎಂದುಕೊಂಡಿಲ್ಲ. ಅವಳನ್ನು ಮಾತ್ರ... ಹೆದರಿದ್ದೆ ಎನ್ನಬಹುದು. ಎನ್ನುವುದಿಲ್ಲ. ಹೆದರಿಕೆ ಅವಳಿಗೂ ಇದ್ದಿರಬೇಕು, ಆದರೂ ಹೇಳಿದಳಲ್ಲ.

ಹೋದ ವಾರ ದಢೇಸುಗೂರಿಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಕಾಲುವೆ ದಂಡೆಯಲ್ಲಿ ಭತ್ತದ ಸಸಿಯ ಕಟ್ಟು ಇಳಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ನನಗ ಅವತ್ತೇ ಗೊತ್ತಾಗಿತ್ರೀ ಅಕ್ಕಾರ. ಚೀಲ ಕಟ್ಕೊಂಡಾಕಿಗಿ ಆ ಸಪ್ಪಳ ತಿಳಿಯಂಗಿಲ್ಲೇನ್ರೀ? ಎಬ್ಬಿಸಿದ್ದು ಎಲ್ಲಾರ ಮುಂದ. ಈಗ ಇಲ್ಲಿಗಿ ಬಂದು ಕಿವಿಯಾಗ ಹೇಳಿದ್ರ ಹೆಂಗ?"

ಅದಕ್ಕೇ ಇದನ್ನು ಬರೆದಿದ್ದೇನೆ. ಬರುವ ಸೋಮವಾರ ರೊಟ್ಟಿ ಸಾಲಿನಲ್ಲಿ ಕೂತು ನಾನೇ ಓದಿ ಹೇಳುತ್ತೇನೆ. ಮಠದ ಹಿತ್ತಲಿನ ಪಾಯಖಾನೆಗೆ ಚಿಲಕವಿಲ್ಲ, ನೀರಿಲ್ಲ. ಅಂದು ಅಂಬಮ್ಮ ಚೀಲ ಖಾಲಿ ಮಾಡಲು ಬಸ್ ನಿಲ್ದಾಣದವರೆಗೆ ನಡೆದಿದ್ದಳು. ನಾನು ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಸುಳ್ಳು ಹೇಳಿ ಮನೆಗೆ ಓಡಿದ್ದೆ. ಒಂದು ಚಿಲಕ, ಒಂದು ನಲ್ಲಿ, ಚೀಲ ಎಸೆಯಲು ಮುಚ್ಚಳವಿರುವ ಒಂದು ಡಬ್ಬಿ. ಇಷ್ಟನ್ನು ಕೈಮುಗಿದು ಬೇಡುವುದಿಲ್ಲ, ಕೇಳುತ್ತೇನೆ. ಆಗುವತನಕ ಕೇಳುತ್ತಲೇ ಇರುತ್ತೇನೆ. ನನ್ನ ಕೈಯ ರೊಟ್ಟಿ ಒಲ್ಲೆ ಎನ್ನುವವರು ಧಾರಾಳವಾಗಿ ಎದ್ದು ಹೋಗಲಿ. ಇಷ್ಟು ವರ್ಷ ಉಂಡಿದ್ದೇವೆ ಎಂಬುದನ್ನೂ ನೆನಪಿಟ್ಟುಕೊಳ್ಳಲಿ.

ಅಂಬಮ್ಮ ಬರುತ್ತೇನೆ ಎಂದಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಿಲ್ಲ. ನಾನು ಕೇಳಲೂ ಇಲ್ಲ. ಅವಳ ಜಾಗದಲ್ಲಿ ಮಣೆ ಹಾಕಿಟ್ಟು, ಪಕ್ಕದಲ್ಲಿ ನಾನು ಕೂರುತ್ತೇನೆ. ಸದ್ದು ಬಂದರೆ ಆ ಮಣೆಯತ್ತ ತಿರುಗಬೇಡಿ. ನನ್ನತ್ತ ನೋಡಿ.